ಮಲಪ್ರಭೆಯ ದಂಡೆಗುಂಟ ಪಟ ತೆಗೆಯುತ್ತ

ತೀರದ ದಾರಿ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಕಾರವಾರದಿಂದ ಮಂಗಳೂರಿನವರೆಗಿನ ಹೆದ್ದಾರಿ. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ತೆಂಗಿನ ತೋಟ, ನಡುನಡುವೆ ವಾಹನ ನಿಲ್ಲಿಸಿ ಚಿತ್ರ ತೆಗೆದುಕೊಳ್ಳುವವರ ಗುಂಪು. ಬಾಗಲಕೋಟೆ ಜಿಲ್ಲೆಗೆ ಕಡಲಿಲ್ಲ, ತೀರವಿದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯ ಪಾಲಾಗುವ ಮುನ್ನ ಬಾದಾಮಿ, ಹುನಗುಂದ ಸೀಮೆಯ ಕೆಂಪು ಗುಡ್ಡಗಳ ನಡುವೆ ಬಳಸಿಕೊಂಡು ಹರಿಯುತ್ತಾಳೆ. ಬಾಗಲಕೋಟೆಯಿಂದ ಬಾದಾಮಿಗೆ ಬಂದು, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ ಹಾಯ್ದು ಇಳಕಲ್ಲ ಮುಟ್ಟುವ ದಾರಿ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಹೊಳೆ ಕೆಲವೆಡೆ ಕಾಣುತ್ತದೆ, ಕೆಲವೆಡೆ ಜೋಳದ ಹೊಲಗಳ ಆಚೆ ಮರೆಯಾಗುತ್ತದೆ. ಆದರೆ ಈ ದಾರಿಯ ಊರುಗಳಲ್ಲಿ ಹಲವು ಹುಟ್ಟಿದ್ದು ಆ ಹೊಳೆಯ ಕಾರಣದಿಂದಲೇ.

ನಿಜ ಹೇಳಬೇಕೆಂದರೆ ಇಲ್ಲಿ ಕಡಲ ಗುರುತೂ ಇದೆ. ಬಾದಾಮಿಯ ಕೆಂಪು ಕಲ್ಲು ಮರಳುಗಲ್ಲು. ಯಾವುದೋ ಅತಿಪ್ರಾಚೀನ ಕಾಲದಲ್ಲಿ ಹೊಳೆಗಳೂ ಆಳವಿಲ್ಲದ ಕಡಲೂ ತಂದು ಹಾಸಿದ ಮರಳು ಪದರ ಪದರವಾಗಿ ಬಿಗಿದು ಕಲ್ಲಾಯಿತು. ಗುಡ್ಡದ ಮೇಲಿನ ಕೆಲವು ಹಾಸುಬಂಡೆಗಳನ್ನು ಬಾಗಿ ನೋಡಿ. ನೀರು ಇಳಿದುಹೋದ ಮೇಲೆ ಮರಳಿನ ಮೇಲೆ ಉಳಿಯುವ ಅಲೆಯ ಗೆರೆಗಳು ಕಲ್ಲಿನಲ್ಲಿ ಹಾಗೆಯೇ ಇವೆ. ಈ ಶಿಲಾಸ್ತರಗಳನ್ನು ಕ್ರಮವಾಗಿ ಅಭ್ಯಾಸ ಮಾಡಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದ. ಬಾಗಲಕೋಟೆಗೆ ಸಮೀಪದ ಸಣ್ಣ ಊರು ಕಲಾದಗಿಯ ಹೆಸರು ಅಂದಿನಿಂದ ಭೂವಿಜ್ಞಾನದ ಪುಸ್ತಕಗಳಲ್ಲಿ ಶಾಶ್ವತವಾಗಿ ನಿಂತಿದೆ. ಆಗ ಕಲಾದಗಿ ಒಂದು ಜಿಲ್ಲೆಯ ಮುಖ್ಯ ಪಟ್ಟಣ. ಆಮೇಲೆ ಕಚೇರಿ ವಿಜಾಪುರಕ್ಕೆ ಹೋಯಿತು, ಜಿಲ್ಲೆಯ ಹೆಸರೂ ಬದಲಾಯಿತು. ಬಾಗಲಕೋಟೆ ತಾನೇ ಜಿಲ್ಲೆಯಾದದ್ದು 1997ರಲ್ಲಿ.

ಈಗ ನಮ್ಮ ವಿಷಯಕ್ಕೆ ಬರೋಣ. ಈ ದಾರಿಯಲ್ಲಿ ನಿಂತು ಪಟ ತೆಗೆಯುವ ರೂಢಿ ನಿನ್ನೆ ಮೊನ್ನೆಯದಲ್ಲ. ಕನ್ನಡ ನಾಡಿನಲ್ಲಿ ಕ್ಯಾಮೆರಾ ಬಹಳ ಮೊದಲೇ ಕಾಲಿಟ್ಟ ದಾರಿಗಳಲ್ಲಿ ಇದೂ ಒಂದು. ಇಸವಿ 1855. ರೈಲು ಇನ್ನೂ ಇತ್ತ ಬಂದಿರಲಿಲ್ಲ. ಸೊಲ್ಲಾಪುರದ ಕಡೆಯ ಹೋಟಗಿಯಿಂದ ಗದಗಿನವರೆಗೆ ಹಳಿ ಬೀಳಲು ಇನ್ನೂ ಮೂರು ದಶಕ ಬೇಕಿತ್ತು. ಮುಂಬಯಿ ಇಲಾಖೆಯ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್ ಎಂಬಾತನನ್ನು ಸರ್ಕಾರ ಅಧಿಕೃತ ಛಾಯಾಗ್ರಾಹಕನೆಂದು ನೇಮಿಸಿ ಈ ಸೀಮೆಗೆ ಕಳಿಸಿತು. ವಿಜಾಪುರ, ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಪಟ ತೆಗೆದ ಆತನನ್ನು ಅದೇ ವರ್ಷದ ಕೊನೆಗೆ ಸೈನ್ಯ ವಾಪಸು ಕರೆಸಿಕೊಂಡಿತು. ಕೆಲಸ ಮುಂದುವರಿಸಿದವನು ವೈದ್ಯ ವಿಲಿಯಂ ಪಿಗೌ. 1858ರಲ್ಲಿ ಅವನೂ ತೀರಿಕೊಂಡ. ಮೂರನೆಯವನಾಗಿ ನೀಲ್ ಎಂಬವನು ಮೈಸೂರು ಸೀಮೆಯ ಗುಡಿಗಳ ಪಟಗಳನ್ನು ಸೇರಿಸಿದ.

ಕಂಪನಿ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಹಳೆಯ ಗುಡಿಗಳ ಮೇಲೆ ಪ್ರೀತಿ ಹುಟ್ಟಿತೆಂದು ತಿಳಿಯಬೇಕಾಗಿಲ್ಲ. ಅದಕ್ಕೆ ಲೆಕ್ಕಾಚಾರವೂ ಇತ್ತು. ಚಿತ್ರಗಾರರನ್ನು ವರ್ಷಗಟ್ಟಲೆ ಕೂರಿಸಿ ಬರೆಸುವುದು ದುಬಾರಿ, ಕ್ಯಾಮೆರಾ ಅಗ್ಗ, ಮೇಲಾಗಿ ಕ್ಯಾಮೆರಾ ಕೈತಪ್ಪು ಮಾಡುವುದಿಲ್ಲ ಎಂಬುದು ಲಂಡನ್ನಿನ ನಿರ್ದೇಶಕರ ವಾದ. ಆ ಎಚ್ಚರಿಕೆ ಸುಳ್ಳಾಗಲಿಲ್ಲ. ಅಜಂತಾದ ಚಿತ್ರಗಳನ್ನು ರಾಬರ್ಟ್ ಗಿಲ್ ಎಂಬವನು ವರ್ಷಾನುಗಟ್ಟಲೆ ಕುಳಿತು ಬಣ್ಣದಲ್ಲಿ ನಕಲು ಮಾಡಿದ. ಅವುಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಯಲ್ಲಿ ಸುಟ್ಟುಹೋದವು. ನಕಲು ಒಂದೇ ಇದ್ದರೆ ಹೀಗಾಗುತ್ತದೆ. ನೆಗೆಟಿವ್ ಇದ್ದರೆ ಹತ್ತು ಪ್ರತಿ ತೆಗೆಯಬಹುದು.

ಆ ಕಾಲದ ವಿಧಾನ ಇಂದಿನ ಮೊಬೈಲ್ ಹಿಡಿದ ಮಕ್ಕಳಿಗೆ ಕಟ್ಟುಕತೆಯಂತೆ ಕಂಡೀತು. ಬಿಗ್ಸ್ ಬಳಸಿದ್ದು ಗಾಜಿನ ತಟ್ಟೆಯಲ್ಲ, ಕಾಗದದ ನೆಗೆಟಿವ್. ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1841ರಲ್ಲಿ ಹಕ್ಕು ಪಡೆದಿದ್ದ ಕ್ಯಾಲೋಟೈಪ್ ಪದ್ಧತಿ ಅದು. ಒಳ್ಳೆಯ ಕಾಗದಕ್ಕೆ ಬೆಳ್ಳಿಯ ಲವಣ ಲೇಪಿಸಿ, ಕತ್ತಲಲ್ಲಿ ಕ್ಯಾಮೆರಾದ ಪೆಟ್ಟಿಗೆಗೆ ಸೇರಿಸಿ, ಮುಚ್ಚಳ ತೆಗೆದು ಕಾಯಬೇಕು. ಕ್ಷಣವಲ್ಲ, ನಿಮಿಷಗಳು. ಅಷ್ಟು ಹೊತ್ತು ಅಲುಗದೆ ಇದ್ದದ್ದು ಮಾತ್ರ ಪಟದಲ್ಲಿ ಉಳಿಯುತ್ತದೆ. ಗುಡಿ ಉಳಿಯುತ್ತದೆ, ಬಂಡೆ ಉಳಿಯುತ್ತದೆ. ಎದುರಿಗೆ ಹಾದು ಹೋದ ಚಕ್ಕಡಿ, ಕೊಡ ಹೊತ್ತ ಹೆಂಗಸು, ಓಡಿದ ಹುಡುಗ ಯಾರೂ ಉಳಿಯುವುದಿಲ್ಲ. ಹೊಳೆಯ ನೀರು ಹಾಲಿನ ಹಾಗೆ ಬೆಳ್ಳಗೆ ಹರಡಿಕೊಳ್ಳುತ್ತದೆ. ಅಂದಿನ ಪಟಗಳಲ್ಲಿ ನಮ್ಮ ಊರುಗಳು ಪಾಳುಬಿದ್ದಂತೆ, ಜನವೇ ಇಲ್ಲದಂತೆ ತೋರುವುದಕ್ಕೆ ಒಂದು ಕಾರಣ ಇದು. ಊರು ಖಾಲಿ ಇರಲಿಲ್ಲ. ಊರು ಚಲಿಸುತ್ತಿತ್ತು.

ಇನ್ನೊಂದು ತೊಡಕು ಬಣ್ಣದ್ದು. ಅಂದಿನ ಬೆಳ್ಳಿಯ ಲೇಪ ನೀಲಿಗೆ ಬೇಗ ಸ್ಪಂದಿಸುತ್ತಿತ್ತು, ಕೆಂಪಿಗೆ ಹೆಚ್ಚುಕಡಿಮೆ ಕುರುಡು. ಆದ್ದರಿಂದ ಆಕಾಶ ಬಿಳಿಯ ಹಾಳೆಯಾಯಿತು, ಮೋಡದ ಸುಳಿವೇ ಇಲ್ಲ. ಬಾದಾಮಿಯ ಕೆಂಪು ಕಲ್ಲು ಕಪ್ಪಿಟ್ಟಿತು. ಸಂಜೆಯ ಬಿಸಿಲಿಗೆ ಆ ಗುಡ್ಡ ಹೇಗೆ ಕೆಂಡದಂತೆ ಉರಿಯುತ್ತದೆಂದು ನೋಡಿ ಬಲ್ಲ ನಿಮಗೆ, ಪುಸ್ತಕದ ಪಟದಲ್ಲಿ ಅದೇ ಗುಡ್ಡ ಇದ್ದಿಲ ರಾಶಿಯಂತೆ ಕಾಣುವುದು ವಿಚಿತ್ರವೆನಿಸೀತು. ಈ ಸೀಮೆಯ ಗುರುತೇ ಕೆಂಪು. ಈ ಸೀಮೆಗೆ ಬಂದ ಮೊದಲ ಕ್ಯಾಮೆರಾಕ್ಕೆ ಕಾಣದಿದ್ದ ಬಣ್ಣವೂ ಅದೇ.

1866ರಲ್ಲಿ ಲಂಡನ್ನಿನ ಜಾನ್ ಮರೆ ಪ್ರಕಾಶನದವರು ಈ ಪಟಗಳನ್ನು ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪ ಎಂಬರ್ಥದ ಹೆಸರಿನಲ್ಲಿ ದೊಡ್ಡ ಸಂಪುಟವಾಗಿ ತಂದರು. ಪಟಗಳನ್ನು ಅಚ್ಚು ಮಾಡಿರಲಿಲ್ಲ. ಒಂದೊಂದೂ ಪ್ರತ್ಯೇಕವಾಗಿ ತೆಗೆದ ಪ್ರತಿ, ಪುಟಕ್ಕೆ ಅಂಟಿಸಿದ್ದು. ಇತಿಹಾಸದ ಭಾಗ ಬರೆದವನು ಸುರಪುರದಲ್ಲಿ ಬಹುಕಾಲ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ವಾಸ್ತುವಿನ ಟಿಪ್ಪಣಿ ಬರೆದವನು ಜೇಮ್ಸ್ ಫರ್ಗುಸನ್. ಪಟ್ಟದಕಲ್ಲಿನಲ್ಲಿ ಉತ್ತರದ ರೇಖಾನಾಗರ ಶಿಖರ, ದಕ್ಷಿಣದ ದ್ರಾವಿಡ ವಿಮಾನ ಎರಡೂ ಒಂದೇ ಬಯಲಿನಲ್ಲಿ ಅಕ್ಕಪಕ್ಕ ನಿಂತಿವೆ ಎಂಬುದನ್ನು ಜಗತ್ತಿನ ವಿದ್ವಾಂಸರು ಲಂಡನ್ನಿನ ಮೇಜಿನ ಮೇಲೆ ಹರಡಿಕೊಂಡ ಕಾಗದದಿಂದ ಅರಿಯುವಂತಾಯಿತು. ಪಟ್ಟದಕಲ್ಲು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರುವವರೆಗಿನ ದಾರಿಯ ಮೊದಲ ಮೈಲಿಗಲ್ಲುಗಳಲ್ಲಿ ಆ ಪುಸ್ತಕವೂ ಒಂದು. ಈ ಋಣವನ್ನು ಅಲ್ಲಗಳೆಯುವಂತಿಲ್ಲ.

ಆದರೆ ಆ ಸಂಪುಟದ ಮುಖಪುಟದಲ್ಲಿ ಪಟ ತೆಗೆದ ಮೂವರು ಸಾಹೇಬರ ಹೆಸರುಗಳಿವೆ, ಬರೆದ ಇಬ್ಬರ ಹೆಸರುಗಳಿವೆ. ಪೆಟ್ಟಿಗೆಗಳನ್ನು ಹೊತ್ತವರು, ಕಾಗದ ತೊಳೆಯಲು ಹೊಳೆಯಿಂದ ನೀರು ತಂದವರು, ಮುಳ್ಳುಕಂಟಿ ಕಡಿದು ಜಾಗ ಮಾಡಿಕೊಟ್ಟವರು ಯಾರು? ಕಟ್ಟಡದ ಎತ್ತರ ತಿಳಿಯಲೆಂದು ಕಂಬದ ಪಕ್ಕ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ಆ ಕಾಲದ ರೂಢಿ. ಅಷ್ಟು ನಿಮಿಷ ಉಸಿರು ಬಿಗಿಹಿಡಿದು ಕಲ್ಲಿನಂತೆ ನಿಂತವನು ಅಳತೆಗೋಲಾದ, ಹೆಸರು ಪಡೆಯಲಿಲ್ಲ. ಈ ದಾರಿಗುಂಟ ಹೋಗುವಾಗ ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಳ್ಳಿರೆಂದು ನಿಮ್ಮನ್ನು ಕೇಳಿಕೊಳ್ಳುವುದು ಇದಕ್ಕೇ: ಇಲ್ಲಿ ಯಾರ ಹೆಸರು ಉಳಿಯಿತು, ಹೇಗೆ ಉಳಿಯಿತು?

ಒಂದು ಸಂಗತಿ ನೋಡಿ. ಬಿಗ್ಸ್ ಹೋಗಿ ಪಿಗೌ ಕೆಲಸದಲ್ಲಿದ್ದ ಕಾಲದಲ್ಲೇ, 1857ರ ನವೆಂಬರಿನಲ್ಲಿ, ಇದೇ ಜಿಲ್ಲೆಯ ಮುಧೋಳದ ಬಳಿಯ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದು ದಂಗೆ ಎದ್ದರು. ಸೈನ್ಯ ಬಂತು, ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿದರು. ಇತ್ತ ಗುಡಿಗಳ ಪಟ ತೆಗೆಸುತ್ತಿದ್ದ ಸರ್ಕಾರವೇ ಅತ್ತ ಆ ಊರಿಗೆ ಬೆಂಕಿ ಇಟ್ಟಿತು. ಹಲಗಲಿಯನ್ನು ಉಳಿಸಿದ್ದು ಲಾವಣಿ. ಜಡಗ, ಬಾಲ ಎಂದು ಹೆಸರು ಹಿಡಿದು ಹಾಡುವ ಲಾವಣಿ. ಅದನ್ನು ಸಂಗ್ರಹಿಸಿ 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದವನು ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಾಸನಗಳನ್ನು ಓದಿದ ಜೆ. ಎಫ್. ಫ್ಲೀಟ್ ಎಂಬ ಅಧಿಕಾರಿಯೇ. ಹೆಸರು ಉಳಿಸುವ ಕೆಲಸದಲ್ಲಿ ಲಾವಣಿಕಾರ ಕ್ಯಾಮೆರಾಕ್ಕಿಂತ ಮುಂದಿದ್ದ ಎನ್ನಬೇಕು.

ಬಾಗಲಕೋಟೆಯಿಂದ ಹೊರಡೋಣ. ಹೊರಡುವ ಮೊದಲು ನವನಗರದಲ್ಲಿ ಉಳಿದುಕೊಂಡಿದ್ದರೆ ಹಳೆಯ ಊರಿಗೊಮ್ಮೆ ಹೋಗಿ ಬನ್ನಿ. ಘಟಪ್ರಭೆಯ ದಂಡೆಯ ಈ ವ್ಯಾಪಾರದ ಊರಿನ ಎಷ್ಟೋ ಓಣಿಗಳು ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹೋದವು. ಜಲಾಶಯದ ಮಟ್ಟ 519.6 ಮೀಟರ್ ಎಂದು ಕಾಗದದ ಮೇಲೆ ಎಳೆದ ಗೆರೆ ಇಲ್ಲಿ ಮನೆಗಳ ಹೊಸ್ತಿಲ ಮೇಲೆ ಹಾದುಹೋಯಿತು. ಜನ ಪರಿಹಾರ ಪಡೆದು ಸೆಕ್ಟರುಗಳೆಂದು ಎಣಿಸುವ ಹೊಸ ಬಡಾವಣೆಗೆ ಬಂದರು. ಓಣಿಯ ಹೆಸರು ಹೇಳಿ ಗುರುತು ಹಿಡಿಯುತ್ತಿದ್ದವರು ಅಂಕಿ ಹೇಳುವುದನ್ನು ಕಲಿತರು. ಚಾಲುಕ್ಯರ ಗುಡಿಗಳಿಗೆ ಸಿಕ್ಕ ಕ್ಯಾಮೆರಾದ ಗೌರವ ಈ ಮನೆಗಳಿಗೆ ಸಿಕ್ಕಿತೆ? ಯಾರದೋ ಮದುವೆಯ ಗುಂಪುಚಿತ್ರದಲ್ಲಿ, ವಧೂವರರ ಬೆನ್ನ ಹಿಂದೆ, ಕೆತ್ತನೆಯ ಬಾಗಿಲುವಾಡದ ಒಂದು ತುಂಡು ಉಳಿದಿದ್ದರೆ ಉಂಟು. ಆಲ್ಬಮ್ ತೆರೆದು ನೋಡುವವರು ಮದುಮಕ್ಕಳನ್ನು ಬಿಟ್ಟು ಬಾಗಿಲನ್ನೇ ನೋಡುತ್ತಾರೆ.

ಬಾದಾಮಿಯಲ್ಲಿ ಚಿತ್ರ ತೆಗೆಯುವವರಿಗೆ ಬಿಡುವಿಲ್ಲ. ಶಕ 465, ಅಂದರೆ ಕ್ರಿ.ಶ. 543ರಲ್ಲಿ ಮೊದಲನೆಯ ಪುಲಕೇಶಿ ಈ ಗುಡ್ಡವನ್ನು ಕೋಟೆಯಾಗಿಸಿದನೆಂದು ಬಂಡೆಯ ಶಾಸನ ಹೇಳುತ್ತದೆ. ಆ ಶಾಸನ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1941ರಲ್ಲಿ. ಎಷ್ಟೋ ಕ್ಯಾಮೆರಾಗಳು ಅದೇ ಗುಡ್ಡದ ಕೆಳಗೆ ಬಂದು ಹೋಗಿ ಎಂಬತ್ತು ವರ್ಷಗಳ ಮೇಲಾಗಿತ್ತು! ಬೆಳಕಿನ ಬಗ್ಗೆ ಎರಡು ಮಾತು. ಗುಹಾಲಯಗಳು ದಕ್ಷಿಣದ ಗುಡ್ಡದಲ್ಲಿ ಉತ್ತರಕ್ಕೆ ಮೋರೆ ಮಾಡಿ ಇವೆ. ನೇರ ಬಿಸಿಲು ಒಳಗೆ ಬರುವುದು ಕಡಿಮೆ. ಆದರೆ ಎದುರಿನ ಅಂಗಳದ ಕಲ್ಲಿನಿಂದ ಪುಟಿದ ಬೆಳಕು ಒಳಗಿನ ವಿಗ್ರಹಗಳ ಮೇಲೆ ಕೆಂಪಾಗಿ ಬೀಳುತ್ತದೆ. ಮೂರನೆಯ ಗುಹೆ ಶಕ 500, ಕ್ರಿ.ಶ. 578ರಲ್ಲಿ ಮಂಗಲೇಶ ಮಾಡಿಸಿದ್ದು. ಅಲ್ಲಿ ಫ್ಲಾಶ್ ಬೇಡ. ಸ್ವಲ್ಪ ಹೊತ್ತು ಕಣ್ಣು ಒಗ್ಗಿಸಿಕೊಂಡು ನಿಂತರೆ ಛಾವಣಿಯಂಚಿನ ಬಣ್ಣದ ಚಿತ್ರಗಳ ಅವಶೇಷವೂ ಕಾಣಿಸುತ್ತದೆ. ಮಂಗಗಳ ವಿಷಯದಲ್ಲಿ ಜಾಗ್ರತೆ. ಕ್ಯಾಮೆರಾದ ಚೀಲವೋ ಶೇಂಗಾದ ಪೊಟ್ಟಣವೋ ಎಂದು ಅವು ವಿಚಾರಿಸುವುದಿಲ್ಲ.

ಸಂಜೆಗೆ ಎಲ್ಲರೂ ಅಗಸ್ತ್ಯತೀರ್ಥದ ಪಶ್ಚಿಮದ ದಂಡೆಗೆ ಬರುತ್ತಾರೆ. ಎದುರು ದಂಡೆಯ ಭೂತನಾಥ ಗುಡಿ, ಹಿಂದೆ ಗುಡ್ಡ, ಕೆಳಗೆ ನೀರಿನಲ್ಲಿ ಎರಡರ ಪ್ರತಿಬಿಂಬ. ಈ ಚಿತ್ರವನ್ನು ನೀವು ಕ್ಯಾಲೆಂಡರುಗಳಲ್ಲಿ ನೂರು ಬಾರಿ ನೋಡಿದ್ದೀರಿ. ಆ ನೂರರಲ್ಲೂ ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರು ಇರುವುದು ಅಪರೂಪ. ಅವರು ಅಲ್ಲಿಯೇ ಇರುತ್ತಾರೆ. ಚಿತ್ರಗಾರ ಅವರು ಹೋಗುವವರೆಗೆ ಕಾಯುತ್ತಾನೆ, ಇಲ್ಲವೇ ಚೌಕಟ್ಟನ್ನು ಸ್ವಲ್ಪ ಬಲಕ್ಕೆ ಸರಿಸುತ್ತಾನೆ. 1855ರಲ್ಲಿ ಬೆಳ್ಳಿಯ ಲೇಪ ಮಾಡಿದ ಕೆಲಸವನ್ನು ಈಗ ನಾವೇ ಮಾಡುತ್ತೇವೆ.

ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವವರು ಮಹಾಕೂಟಕ್ಕೆ ತಿರುಗಿ ಹೋಗುವುದುಂಟು. ಪುಷ್ಕರಣಿಯ ತಿಳಿನೀರು, ಸುತ್ತ ಸಣ್ಣ ಗುಡಿಗಳು, ಮರಗಳ ನೆರಳು. ಇಲ್ಲಿದ್ದ ಮಂಗಲೇಶನ ಶಾಸನಸ್ತಂಭ ಈಗ ವಿಜಾಪುರದ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಹುಡುಕುತ್ತ ಇಲ್ಲಿ ಸುತ್ತಬೇಡಿ.

ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಾಭಿಮುಖವಾಗಿ ಹರಿಯುತ್ತಾಳೆ. ಉತ್ತರವಾಹಿನಿ ಪವಿತ್ರವೆಂಬ ನಂಬಿಕೆಯೇ ಈ ಜಾಗಕ್ಕೆ ಮಹತ್ವ ತಂದಿತೆನ್ನುತ್ತಾರೆ. ವಿರೂಪಾಕ್ಷ ಗುಡಿ ಪೂರ್ವಕ್ಕೆ, ಹೊಳೆಯ ಕಡೆಗೆ ಮೋರೆ ಮಾಡಿದೆ. ಬಹುಪಾಲು ಯಾತ್ರಿಕರು ರಸ್ತೆಯ ಕಡೆಯಿಂದ, ಅಂದರೆ ಗುಡಿಯ ಬೆನ್ನ ಕಡೆಯಿಂದ ಬರುತ್ತಾರೆ. ಬೆಳಗಿನ ಹೊತ್ತು ಹೊಳೆಯ ಕಡೆಯ ಮಹಾದ್ವಾರಕ್ಕೆ ಹೋಗಿ ನಿಲ್ಲಿ. ಕಂಚಿಯನ್ನು ಗೆದ್ದ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದ ನಡುಗಾಲದಲ್ಲಿ ಕಟ್ಟಿಸಿದ ಗುಡಿ ಇದು. ಇಂಥ ದೊಡ್ಡ ಕೆಲಸವಾದಾಗ ರಾಜರಾಣಿಯರ ಹೆಸರು ಕಲ್ಲಿನ ಮೇಲೆ ಬರುವುದು ಸಹಜ. ಇಲ್ಲಿ ಅದರ ಜೊತೆಗೆ ಕಟ್ಟಿದವನ ಹೆಸರೂ ಬಂದಿದೆ. ಸೂತ್ರಧಾರಿ ಗುಂಡ, ಅನಿವಾರಿತಾಚಾರಿ ಎಂಬ ಬಿರುದಿನವನು. ಅವನಿಗೆ ಸಂದ ಮರ್ಯಾದೆಯನ್ನು ಶಾಸನ ಹಳಗನ್ನಡದಲ್ಲಿ ಹೇಳುತ್ತದೆ. ದಕ್ಷಿಣ ದಿಕ್ಕಿನ ಸೂತ್ರಧಾರಿ ಎನಿಸಿಕೊಂಡ ಸರ್ವಸಿದ್ಧಿ ಆಚಾರಿಯ ಹೆಸರೂ ಇಲ್ಲಿದೆ. ಐಹೊಳೆಯಲ್ಲಿ ನರಸೊಬ್ಬನೆಂಬ ಶಿಲ್ಪಿಯನ್ನು ಹಾಡಿಹೊಗಳಿದ ಶಾಸನವಿದೆ. ಬಾದಾಮಿಯ ಬಂಡೆಗಳ ಮೇಲೆ ಅಲ್ಲಲ್ಲಿ ಕೊರೆದ ಹೆಸರುಗಳಲ್ಲಿ ಶಿಲ್ಪಿಗಳವೂ ಉಂಟು. ನಮ್ಮ ಪ್ರಾಚೀನ ಶಿಲ್ಪಿಗಳು ಹೆಸರಿನ ಹಂಬಲವಿಲ್ಲದವರು ಎಂಬ ಸವಿಮಾತನ್ನು ವೇದಿಕೆಗಳಲ್ಲಿ ಆಗಾಗ ಕೇಳುತ್ತೇವೆ. ಮಲಪ್ರಭೆಯ ದಂಡೆಯ ಕಲ್ಲುಗಳು ಅದನ್ನು ಒಪ್ಪುವುದಿಲ್ಲ. ಎಂಟನೆಯ ಶತಮಾನದವರು ಕೆಲಸಗಾರನ ಹೆಸರು ಬರೆದಿಟ್ಟರು, ಹತ್ತೊಂಬತ್ತನೆಯ ಶತಮಾನದ ಪುಸ್ತಕ ಬರೆದಿಡಲಿಲ್ಲ.

ಹೊಳೆಯನ್ನು ಸದಾ ಶಾಂತಳೆಂದು ತಿಳಿಯಬೇಡಿ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟಾದ ಮೇಲೆ ಬೇಸಗೆಯಲ್ಲಿ ಇಲ್ಲಿ ನೀರಿಗಿಂತ ಮರಳೂ ಜೇಕೂ ಹೆಚ್ಚು ಕಂಡಾವು. 2019ರ ಆಗಸ್ಟಿನಲ್ಲಿ ಮಾತ್ರ ನೆರೆ ಬಂದು ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ನುಗ್ಗಿತು. ಆ ದಿನಗಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಸುತ್ತಲಿನ ಮನೆಗಳೊಳಗೆ ನುಗ್ಗಿದ ನೀರಿನ ಚಿತ್ರಗಳಿಗೆ ಅಷ್ಟು ಜಾಗ ಸಿಗಲಿಲ್ಲ.

ಐಹೊಳೆಗೆ ಬಂದಿರಿ ಎಂದರೆ ನಮ್ಮ ಪ್ರಶ್ನೆಯ ನಡುಮಧ್ಯಕ್ಕೆ ಬಂದಿರಿ. ಇಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಮೊದಲು ಮೇಗುತಿಯ ಗುಡ್ಡ ಹತ್ತಿ. ಶಕ 556, ಅಂದರೆ ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆದ ಶಾಸನ ಪೂರ್ವದ ಗೋಡೆಯಲ್ಲಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಹೊಗಳಿ, ಕಡೆಗೆ ತನ್ನನ್ನೂ ಕಾಳಿದಾಸ ಭಾರವಿಗಳ ಸಾಲಿಗೆ ಸೇರಿಸಿಕೊಂಡ ಕವಿ ಅವನು. ಅಂದ ಮೇಲೆ ಹೆಸರಿನ ಚಿಂತೆ ಅವನಿಗೂ ಇತ್ತು! ಈ ಅಕ್ಷರಗಳ ಪಟ ತೆಗೆಯಲು ನಡುಹಗಲು ಪ್ರಯೋಜನವಿಲ್ಲ. ಬಿಸಿಲು ಗೋಡೆಗೆ ಓರೆಯಾಗಿ ತಾಗುವ ಹೊತ್ತಿನಲ್ಲಿ ಕೊರೆದ ಗೆರೆಗಳಲ್ಲಿ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಶಾಸನ ಓದುವವರೂ ಕಾಯುವುದು ಅದೇ ಹೊತ್ತಿಗೆ.

ಗುಡ್ಡ ಇಳಿದು ಊರೊಳಗೆ ಬನ್ನಿ, ಗುಡಿಗಳ ಹೆಸರು ಕೇಳಿ. ಲಾಡಖಾನ ಗುಡಿ. ಗೌಡರ ಗುಡಿ. ಬಡಿಗೇರ ಗುಡಿ. ಅಂಬಿಗೇರ ಗುಡಿ. ಹುಚ್ಚಪ್ಪಯ್ಯ ಮಠ. ಚಿಕ್ಕಿ ಗುಡಿ. ಇವು ದೇವರ ಹೆಸರುಗಳಲ್ಲ. ಕಟ್ಟಿಸಿದ ಅರಸರ ಹೆಸರುಗಳೂ ಅಲ್ಲ. ಪೂಜೆ ನಿಂತು ಶತಮಾನಗಳಾದ ಮೇಲೆ ಈ ಕಲ್ಲಿನ ಸೂರುಗಳು ಜನರಿಗೆ ಮನೆಯಾದವು, ದನದ ಕೊಟ್ಟಿಗೆಯಾದವು, ಮಠವಾದವು. ಲಾಡಖಾನ ಎಂಬಾತ ಒಂದು ಕಾಲಕ್ಕೆ ಅಲ್ಲಿ ವಾಸವಾಗಿದ್ದ. ಬಡಿಗರ ಓಣಿ ಒಂದು ಗುಡಿಗೆ ಹೆಸರು ಕೊಟ್ಟಿತು, ಹೊಳೆ ದಾಟಿಸುವ ಅಂಬಿಗರು ಇನ್ನೊಂದಕ್ಕೆ. ಪ್ರಸಿದ್ಧ ದುರ್ಗ ಗುಡಿಯ ಹೆಸರೂ ದುರ್ಗಾದೇವಿಯಿಂದ ಬಂದದ್ದಲ್ಲ. ಅದು ಕೋಟೆಯ ಅಂಗವಾಗಿತ್ತು. ಅದರ ಮಾಳಿಗೆಯ ಮೇಲೆ ಕಲ್ಲುಮಣ್ಣು ಒಟ್ಟಿ ಕಾವಲಿನ ಅಟ್ಟಣೆ ಕಟ್ಟಿದ್ದರು. ದುರ್ಗದ ಗುಡಿ ದುರ್ಗ ಗುಡಿಯಾಯಿತು. ಈಗ ಹಿಂಬದಿಯಿಂದ, ಆ ಗಜಪೃಷ್ಠದ ತಿರುವನ್ನು ಹಿಡಿದು ಎಲ್ಲರೂ ತೆಗೆಯುವ ಚಿತ್ರದಲ್ಲಿ ಆ ಅಟ್ಟಣೆಯ ಸುಳಿವೂ ಇಲ್ಲ. ಪುರಾತತ್ವದವರು ಅದನ್ನು ಇಳಿಸಿ ಚೊಕ್ಕ ಮಾಡಿದರು.

1874ರಲ್ಲಿ ಜೇಮ್ಸ್ ಬರ್ಜೆಸ್ ಪಶ್ಚಿಮ ಭಾರತದ ಪುರಾತತ್ವ ಸಮೀಕ್ಷೆಯ ಮೊದಲ ಹಂಗಾಮಿನಲ್ಲಿ, ಜನವರಿಯಿಂದ ಮೇವರೆಗೆ, ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಸುತ್ತಿದ. ಅವನ ವರದಿ ಫೋಟೋ ಮತ್ತು ಕಲ್ಲಚ್ಚಿನ ಪಟಗಳೊಂದಿಗೆ ಬಂತು. ಹೆನ್ರಿ ಕಸೆನ್ಸ್‌ನ ಚಾಲುಕ್ಯ ವಾಸ್ತುವಿನ ದೊಡ್ಡ ಗ್ರಂಥ 1926ರಲ್ಲಿ ಬಂತು. ನಡುವೆ 1904ರಲ್ಲಿ ಪ್ರಾಚೀನ ಸ್ಮಾರಕಗಳ ಕಾಯಿದೆ ಆಯಿತು. ಕಾಲಕ್ರಮದಲ್ಲಿ ಗುಡಿಗಳೊಳಗಿನ ಸಂಸಾರಗಳು ಹೊರಗೆ ಬಂದವು, ಸುತ್ತ ತಂತಿಬೇಲಿ ಬಂತು, ಹುಲ್ಲುಹಾಸು ಬಂತು. ಇದು ಆಗಬಾರದಿತ್ತು ಎಂದು ಯಾರೂ ಹೇಳಲಾರರು. ಒಲೆಯ ಹೊಗೆಯಲ್ಲಿ ಶಿಲ್ಪ ಕರ್ರಗಾಗುತ್ತಿತ್ತು, ಕಂಬಗಳಿಗೆ ಎತ್ತು ಕಟ್ಟುತ್ತಿದ್ದರು. ಆದರೆ ಗುಡಿಗಳು ಪಾಳುಬಿದ್ದಿದ್ದವು, ಯಾರೂ ಕೇಳುವವರಿರಲಿಲ್ಲ ಎಂದು ಬರೆಯುವುದಿದೆಯಲ್ಲ, ಅದು ಪೂರ್ಣ ಸತ್ಯವಲ್ಲ. ಸೂರು ಸೋರಿದರೆ ಮಣ್ಣು ಹಾಕಿದವರು, ಬಿರುಕಿಗೆ ಕಲ್ಲು ತುರುಕಿದವರು ಆ ನಿವಾಸಿಗಳೇ. ಗುಡಿಗಳು ನಮ್ಮ ಕಾಲದವರೆಗೆ ನಿಂತು ಬಂದದ್ದರಲ್ಲಿ ಅವರ ಪಾಲೂ ಇದ್ದೀತು. ಅವರ ದಾಖಲೆ ಯಾವ ಶಾಸನದಲ್ಲೂ ಇಲ್ಲ, ಗುಡಿಗೆ ಅಂಟಿದ ಅಡ್ಡಹೆಸರಿನಲ್ಲಿದೆ. ಇಲಾಖೆಯ ನೀಲಿ ಫಲಕಗಳು ಆ ಅಡ್ಡಹೆಸರುಗಳನ್ನೇ ಅಧಿಕೃತವಾಗಿ ಬರೆದಿವೆ. ಫಲಕ ಬರೆಸಿದವರಿಗೆ ತಿಳಿದೋ ತಿಳಿಯದೆಯೋ ಇದೊಂದು ಒಳ್ಳೆಯ ಕೆಲಸವಾಗಿದೆ.

ಕತೆ ಮುಗಿದಿಲ್ಲ. 2010ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅಲ್ಲಿಂದಾಚೆ 200 ಮೀಟರ್ ತನಕ ಅನುಮತಿ ಬೇಕು. ಹತ್ತು ಹೆಜ್ಜೆಗೊಂದು ಗುಡಿ ಇರುವ ಐಹೊಳೆಯಲ್ಲಿ ಈ ವೃತ್ತಗಳನ್ನು ಎಳೆದು ನೋಡಿ. ಒಂದರ ಮೇಲೊಂದು ಬಿದ್ದು ಊರೇ ಒಳಗಾಗುತ್ತದೆ. ಮಗನ ಮದುವೆಗೆ ಒಂದು ಕೋಣೆ ಏರಿಸಬೇಕೆಂದರೂ ಅರ್ಜಿ, ಕಚೇರಿ, ಕಾಯುವಿಕೆ. ಊರನ್ನೇ ಬೇರೆಡೆಗೆ ಸಾಗಿಸುವ ಮಾತು ದಶಕಗಳಿಂದ ನಡೆದಿದೆ. ಸ್ಮಾರಕಗಳ ನಡುವೆ ಮನೆಗಳಿಲ್ಲದಿದ್ದರೆ ಪಟ ಚೆನ್ನಾಗಿ ಬರುತ್ತದೆ, ಅದು ನಿಜ. ಆದರೆ ಗೌಡರಿಲ್ಲದ ಗೌಡರ ಗುಡಿ, ಅಂಬಿಗರಿಲ್ಲದ ಅಂಬಿಗೇರ ಗುಡಿ ಎಂಥ ಹೆಸರಾದೀತು? ಬಾಗಲಕೋಟೆಯವರು ನೀರಿಗಾಗಿ ಎದ್ದುಹೋದರು. ಐಹೊಳೆಯವರು ನೋಟಕ್ಕಾಗಿ ಎದ್ದುಹೋಗಬೇಕೆ? ಹೋಗಲು ಒಪ್ಪುವವರೂ ಊರಲ್ಲಿದ್ದಾರೆ. ಒಳ್ಳೆಯ ನಿವೇಶನ, ಸರಿಯಾದ ಪರಿಹಾರ ಸಿಕ್ಕರೆ ಯಾಕೆ ಬೇಡ ಎನ್ನುತ್ತಾರೆ. ಅದೂ ನ್ಯಾಯವೇ. ತೀರ್ಮಾನ ಅವರದಾಗಬೇಕೇ ಹೊರತು, ಹಗಲೊಂದು ಬಂದು ಹೋಗುವ ನಮ್ಮ ಕ್ಯಾಮೆರಾದ್ದಲ್ಲ.

ಅಮೀನಗಡದಲ್ಲಿ ಕರದಂಟು ಕೊಳ್ಳದೆ ಮುಂದೆ ಹೋಗುವವರು ಇಲ್ಲ. ಹುನಗುಂದದಲ್ಲಿ ಹೆಚ್ಚು ನಿಲ್ಲುವ ಕಾರಣವಿಲ್ಲ. ಹೊತ್ತಿದ್ದರೆ ಕೂಡಲಸಂಗಮಕ್ಕೆ ಹೋಗಿ ಮಲಪ್ರಭೆ ಕೊನೆಗೊಳ್ಳುವುದನ್ನು ನೋಡಿ ಬರಬಹುದು. ಅಲ್ಲಿಯೂ ನಾರಾಯಣಪುರ ಜಲಾಶಯದ ಹಿನ್ನೀರು. ಬಸವಣ್ಣನವರ ಐಕ್ಯಸ್ಥಳ ಮುಳುಗದಿರಲೆಂದು ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿ, ಮೆಟ್ಟಿಲಿಳಿದು ಹೋಗುವಂತೆ ಮಾಡಿದ್ದಾರೆ. ನೀರಿನ ಮಟ್ಟಕ್ಕಿಂತ ಕೆಳಗೆ ನಿಂತಿದ್ದೇವೆಂಬ ಅರಿವು ಯಾವ ಪಟದಲ್ಲೂ ಬರುವುದಿಲ್ಲ.

ಇಳಕಲ್ಲಿನಲ್ಲಿ ಕೆಂಪು ಮತ್ತೆ ಸಿಗುತ್ತದೆ. ಇಲ್ಲಿನ ನೆಲದಿಂದ ತೆಗೆಯುವ ಕೆಂಪು ಗ್ರಾನೈಟ್ ಹಡಗು ಹತ್ತಿ ದೂರ ದೇಶಗಳಿಗೆ ಹೋಗುತ್ತದೆ. ಅದಕ್ಕಿಂತ ಹಳೆಯ ಕೆಂಪು ಸೀರೆಯ ಸೆರಗಿನದು. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆಯಾಗಿ ಕೋದು ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಸೆರಗಿನ ತೋಪು ತೆನಿಯಲ್ಲಿ ಕೆಂಪಿನ ಮೇಲೆ ಬಿಳಿಯಾಗಿ ಏಳುವ ಆಕಾರಗಳಲ್ಲಿ ಜೋಳದ ತೆನೆ ಇದೆ, ಬಾಚಣಿಗೆಯ ಹಲ್ಲಿದೆ, ಕೋಟೆಯ ತೆನೆಗಳಿವೆ, ಗುಡ್ಡದ ಸಾಲಿದೆ. ಬಾದಾಮಿಯಿಂದ ನೀವು ದಾಟಿ ಬಂದದ್ದೆಲ್ಲ ಅಲ್ಲಿದೆ. ಅರ್ಧ ಶತಮಾನದ ಹಿಂದಿನ ಕಪ್ಪುಬಿಳುಪು ಚಿತ್ರಗಳಲ್ಲಿ ಈ ಸೀಮೆಯ ಅವ್ವಂದಿರ ಸೆರಗು ಬೂದು ಬಣ್ಣದ್ದು. ನೋಡುವವರಿಗೆ ಮಾತ್ರ ಅದು ಕೆಂಪೆಂದು ಗೊತ್ತು.

ಕೈಮಗ್ಗದ ಮನೆಯೊಳಗೆ ಬೆಳಕು ಕಡಿಮೆ. ಕಿಟಕಿಯ ಮಗ್ಗುಲಿಗೆ ನಿಂತು ಕೇಳಿ ತೆಗೆಯಿರಿ, ಮಗ್ಗ ನಿಲ್ಲಿಸಿರೆಂದು ಮಾತ್ರ ಹೇಳಬೇಡಿ, ಗಳಿಕೆ ನಿಲ್ಲುತ್ತದೆ. ಲಾಳಿ ಓಡುವಾಗ ತೆಗೆದ ಪಟದಲ್ಲಿ ಮಗ್ಗದ ಮರ ಸ್ಪಷ್ಟವಾಗಿ ಬರುತ್ತದೆ, ನೇಯುವವರ ಕೈ ಮಸುಕಾಗುತ್ತದೆ. ಬಿಗ್ಸ್‌ನ ಕಾಗದದಲ್ಲಿ ಆದದ್ದೂ ಇದೇ. ಸೀರೆ ಕೊಂಡರೆ ಚೀಟಿಯ ಮೇಲೆ ಅಂಗಡಿಯ ಹೆಸರು, ಬೆಲೆ ಇರುತ್ತದೆ. ನೇಯ್ದವರು ಅಲ್ಲಿಯೇ ಕುಳಿತಿದ್ದರೆ ಅವರ ಹೆಸರು ಕೇಳಿ, ಚೀಟಿಯ ಹಿಂಬದಿಗೆ ಬರೆದುಕೊಳ್ಳಿ.